ಅಫೀಮಿನ ಚಟಕ್ಕೆ ಮದ್ದು: ಮೂರು ಬೀಗಗಳ ಕಥೆ

ಕೆಲವು ವರ್ಷಗಳ ಹಿಂದಿನ ಮಾತು. ಬಿ.ಎಸ್‌ಸಿ. ತರಗತಿಯಲ್ಲಿ ವಿಕಿರಣಶೀಲ ಕ್ಷಯದ ಪಾಠ ಮುಗಿಸಿ ಹೊರಬಂದಾಗ ವಿದ್ಯಾರ್ಥಿಯೊಬ್ಬ ಹಿಂದೆಯೇ ಬಂದ. "ಸರ್, ಔಷಧಕ್ಕೂ ಅರ್ಧಾಯು ಇರುತ್ತದೆಯೇ?" ಎಂದು ಕೇಳಿದ. ಇರುತ್ತದೆ ಎಂದೆ. ಆದರೆ ಅವನು ಕೇಳಬೇಕಾಗಿದ್ದುದು ಬೇರೆಯೇ ಇತ್ತು. ಬೆನ್ನಿಗೆ ಪೆಟ್ಟು ಬಿದ್ದಾಗ ಅವನ ಅಣ್ಣ ನುಂಗತೊಡಗಿದ ನೋವಿನ ಮಾತ್ರೆ ಚಟವಾಗಿಬಿಟ್ಟಿತ್ತು. ಈಗ ಆಸ್ಪತ್ರೆಯವರು ದಿನಕ್ಕೊಮ್ಮೆ ನಾಲಗೆಯ ಅಡಿಯಲ್ಲಿಟ್ಟುಕೊಳ್ಳುವ ಬೇರೊಂದು ಮಾತ್ರೆ ಕೊಟ್ಟಿದ್ದರು. ಅಣ್ಣ ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಹೋಗುತ್ತಿದ್ದ. ಆದರೆ ಮನೆಯ ಹಿರಿಯರಿಗೆ ಸಮಾಧಾನವಿಲ್ಲ. "ಒಂದು ಚಟ ಬಿಡಿಸಲು ಇನ್ನೊಂದು ಚಟವೇ? ಅದನ್ನೂ ನಿಲ್ಲಿಸಿಬಿಡು" ಎಂದು ಅವರ ಒತ್ತಾಯ. "ನಿಲ್ಲಿಸಬಹುದೇ ಸರ್?" ಎಂಬುದು ಹುಡುಗನ ಪ್ರಶ್ನೆ.

ನಾನು ವೈದ್ಯನಲ್ಲ. ವೈದ್ಯರನ್ನು ಕೇಳದೆ ನಿಲ್ಲಿಸಬೇಡಿ ಎಂದಷ್ಟೇ ಹೇಳಿ ಕಳುಹಿಸಿದೆ. ಪ್ರಶ್ನೆ ಮಾತ್ರ ನನ್ನಲ್ಲಿಯೇ ಉಳಿಯಿತು. ಓದುತ್ತ ಹೋದಾಗ ಒಂದು ಸಂಗತಿ ಸ್ಪಷ್ಟವಾಯಿತು. ಆ ಮನೆಯ ಹಿರಿಯರು ಕೇಳಿದ ಪ್ರಶ್ನೆಯನ್ನೇ ಅಮೆರಿಕದ ನ್ಯಾಯಾಲಯ, ಶಾಸನಸಭೆ ಮತ್ತು ಪೊಲೀಸರು ನೂರು ವರ್ಷಗಳಿಂದ ಕೇಳುತ್ತ ಬಂದಿದ್ದಾರೆ. ವಿಜ್ಞಾನ ಅದಕ್ಕೆ 1964ರಲ್ಲಿಯೇ ಉತ್ತರ ಕಂಡುಕೊಂಡಿತು. ಆದರೂ ಅದೇ ದೇಶದಲ್ಲಿ 1999ರಿಂದ 2023ರವರೆಗಿನ ಅವಧಿಯಲ್ಲಿ ಅಫೀಮು ಬಳಗದ ಮದ್ದುಗಳ ಮಿತಿಮೀರಿದ ಸೇವನೆಯಿಂದ ಸುಮಾರು 8 ಲಕ್ಷ ಮಂದಿ ಸತ್ತರು. ಮದ್ದು ಗೊತ್ತಿದ್ದೂ ಹೀಗೇಕಾಯಿತು? ಈ ಲೇಖನದಲ್ಲಿ ಅದನ್ನು ನೋಡೋಣ.

ಗಸಗಸೆಯ ಗಿಡದಿಂದ

ಗಸಗಸೆ ಪಾಯಸ ನಿಮಗೆಲ್ಲ ಪರಿಚಿತ. ಆ ಸಣ್ಣ ಬೀಜಗಳನ್ನು ಕೊಡುವ ಗಿಡದ ಹಸಿ ಕಾಯಿಯನ್ನು ಗೀರಿದರೆ ಹಾಲಿನಂತಹ ಸೊನೆ ಒಸರುತ್ತದೆ. ಅದು ಒಣಗಿ ಕಂದುಬಣ್ಣಕ್ಕೆ ತಿರುಗಿದಾಗ ಸಿಗುವುದೇ ಅಫೀಮು. ಬೀಜದೊಳಗೆ ಈ ಸೊನೆ ಇರುವುದಿಲ್ಲ. ಆದ್ದರಿಂದ ಪಾಯಸ ಕುಡಿದವರಿಗೆ ಚಟ ಹತ್ತೀತೆಂಬ ಭಯ ಬೇಡ.

ಅಫೀಮು ನೋವನ್ನು ಅಡಗಿಸುತ್ತದೆ, ನಿದ್ದೆ ತರುತ್ತದೆ ಎಂಬುದು ಪ್ರಾಚೀನರಿಗೆ ತಿಳಿದಿತ್ತು. ಅದರಲ್ಲಿ ಕೆಲಸ ಮಾಡುವ ಅಂಶ ಯಾವುದು? ಜರ್ಮನಿಯ ಔಷಧ ಅಂಗಡಿಯೊಂದರಲ್ಲಿ ಸಹಾಯಕನಾಗಿದ್ದ ಫ್ರೀಡ್ರಿಕ್ ಸರ್ಟ್ಯೂರ್ನರ್ 19ನೆಯ ಶತಮಾನದ ಆರಂಭದ ವರ್ಷಗಳಲ್ಲಿ ಅದನ್ನು ಪ್ರತ್ಯೇಕಿಸಿದ. 1817ರಲ್ಲಿ ತನ್ನ ಪ್ರಯೋಗಗಳ ಪೂರ್ಣ ವಿವರ ಪ್ರಕಟಿಸಿದ. ಗ್ರೀಕರ ಕನಸಿನ ದೇವತೆ ಮಾರ್ಫಿಯಸ್‌ನ ಹೆಸರಿನಿಂದ ಆ ಪದಾರ್ಥ ಮಾರ್ಫಿನ್ ಎನಿಸಿಕೊಂಡಿತು. 1853ರ ಸುಮಾರಿಗೆ ಚುಚ್ಚುಮದ್ದಿನ ಸೂಜಿ ಬಳಕೆಗೆ ಬಂದಿತು. ಮಾರ್ಫಿನ್ ನೇರವಾಗಿ ದೇಹದೊಳಕ್ಕೆ ಇಳಿಯತೊಡಗಿತು. 1874ರಲ್ಲಿ ಲಂಡನ್ನಿನ ಆಲ್ಡರ್ ರೈಟ್ ಎಂಬ ರಸಾಯನವಿಜ್ಞಾನಿ ಮಾರ್ಫಿನ್ ಅಣುವಿಗೆ ಎರಡು ಅಸಿಟೈಲ್ ಗುಂಪುಗಳನ್ನು ಜೋಡಿಸಿದ. ಅದನ್ನೇ 1898ರಲ್ಲಿ ಜರ್ಮನಿಯ ಬೇಯರ್ ಕಂಪನಿ 'ಹೆರಾಯಿನ್' ಎಂಬ ಹೆಸರಿನಲ್ಲಿ ಕೆಮ್ಮಿನ ಔಷಧವಾಗಿ ಮಾರಾಟಕ್ಕೆ ತಂದಿತು!

ಅಫೀಮಿನಿಂದ ದೊರೆಯುವ ಹಾಗೂ ಅದರಂತೆಯೇ ವರ್ತಿಸುವ ಕೃತಕ ಮದ್ದುಗಳ ಈ ಇಡೀ ಬಳಗವನ್ನು ಓಪಿಯಾಯ್ಡ್‌ಗಳು ಎನ್ನುತ್ತಾರೆ. ಇವುಗಳಿಗೆ ಮೂರು ಗುಣಗಳಿವೆ. ಒಂದು, ದೇಹ ಇವಕ್ಕೆ ಒಗ್ಗಿಕೊಳ್ಳುತ್ತದೆ. ಮೊದಲಿನ ಪರಿಣಾಮ ಬೇಕೆಂದರೆ ಪ್ರಮಾಣ ಏರಿಸಬೇಕಾಗುತ್ತದೆ. ಎರಡು, ಒಗ್ಗಿದ ಮೇಲೆ ಥಟ್ಟನೆ ನಿಲ್ಲಿಸಿದರೆ ಮೈಕೈ ನೋವು, ಬೆವರು, ವಾಂತಿ, ಭೇದಿ, ನಿದ್ರಾಹೀನತೆಗಳು ಒಟ್ಟಿಗೆ ಮೇಲೆ ಬೀಳುತ್ತವೆ. ಮೂರು, ಪ್ರಮಾಣ ಮಿತಿಮೀರಿದರೆ ಉಸಿರಾಟ ನಿಧಾನವಾಗುತ್ತ ನಿಂತೇಹೋಗಬಹುದು. ಬಿಟ್ಟವರು ಕೆಲವು ವಾರಗಳಲ್ಲಿ ಒಗ್ಗಿಕೆ ಕಳೆದುಕೊಳ್ಳುತ್ತಾರೆ. ಮತ್ತೆ ಹಳೆಯ ಪ್ರಮಾಣವನ್ನೇ ತೆಗೆದುಕೊಂಡರೆ ಅದು ಪ್ರಾಣಾಂತಕ. ಈ ಕೊನೆಯ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಮೊದಲ ಬೀಗ

19ನೆಯ ಶತಮಾನದ ಅಮೆರಿಕದಲ್ಲಿ ಮಾರ್ಫಿನ್ ಯಾರಿಗೆ ಬೇಕಾದರೂ ಸಿಗುತ್ತಿತ್ತು. ಚಟ ಹತ್ತಿದವರಲ್ಲಿ ವೈದ್ಯರ ಚಿಕಿತ್ಸೆಯಿಂದಲೇ ಅದಕ್ಕೆ ಒಗ್ಗಿದ ಮಧ್ಯಮ ವರ್ಗದ ಹೆಂಗಸರು ಬಹುಸಂಖ್ಯೆಯಲ್ಲಿದ್ದರು. ಇದನ್ನು ಹತೋಟಿಗೆ ತರಲು 1914ರ ಡಿಸೆಂಬರಿನಲ್ಲಿ ಹ್ಯಾರಿಸನ್ ಕಾಯಿದೆ ಅಂಗೀಕಾರವಾಯಿತು. ಅದು ಮೇಲ್ನೋಟಕ್ಕೆ ತೆರಿಗೆಯ ಕಾಯಿದೆ. ವೈದ್ಯರು ತಮ್ಮ ವೃತ್ತಿಯ ಭಾಗವಾಗಿ ಈ ಮದ್ದುಗಳನ್ನು ಬರೆದುಕೊಡಲು ಅದರಲ್ಲಿ ಅವಕಾಶವಿತ್ತು.

ಹಾಗಾದರೆ ಚಟ ಹತ್ತಿದವನಿಗೆ ಯಾತನೆ ಆಗದಿರಲೆಂದು ವೈದ್ಯ ಮಾರ್ಫಿನ್ ಬರೆದುಕೊಡುವುದು ವೃತ್ತಿಯ ಭಾಗವೇ? 1919ರಲ್ಲಿ ಈ ಪ್ರಶ್ನೆ ಅಮೆರಿಕದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತು. ಗುಣಪಡಿಸುವ ಉದ್ದೇಶವಿಲ್ಲದೆ ಚಟವನ್ನು ಮುಂದುವರಿಸಲು ಬರೆದ ಚೀಟಿ ವೈದ್ಯರ ಚೀಟಿಯೇ ಅಲ್ಲ, ಅದರ ಬಗ್ಗೆ ಚರ್ಚೆಯೂ ಅನಗತ್ಯ ಎಂಬುದು ತೀರ್ಪಿನ ಸಾರ. ಆ ಕಾಲದಲ್ಲಿ ಹಲವು ನಗರಗಳು ಚಟ ಹತ್ತಿದವರಿಗಾಗಿ ಸಾರ್ವಜನಿಕ ಚಿಕಿತ್ಸಾಲಯಗಳನ್ನು ತೆರೆದಿದ್ದವು. ಅವೆಲ್ಲ ಒಂದೊಂದಾಗಿ ಮುಚ್ಚಿದವು. ಲೂಸಿಯಾನಾದ ಶ್ರೀವ್‌ಪೋರ್ಟ್ ನಗರದ ಚಿಕಿತ್ಸಾಲಯ 1923ರಲ್ಲಿ ಬಾಗಿಲು ಹಾಕಿತು. ಸೆರೆಮನೆಗೆ ಹೆದರಿದ ವೈದ್ಯರು ಇಂತಹ ರೋಗಿಗಳನ್ನು ಹತ್ತಿರ ಸೇರಿಸುವುದನ್ನೇ ಬಿಟ್ಟರು. ರೋಗಿಗಳು ಕಳ್ಳಮಾರುಕಟ್ಟೆಯ ಪಾಲಾದರು.

1935ರಲ್ಲಿ ಕೆಂಟಕಿ ರಾಜ್ಯದ ಲೆಕ್ಸಿಂಗ್ಟನ್ ಬಳಿ ಸರ್ಕಾರ ದೊಡ್ಡ ಆಸ್ಪತ್ರೆಯೊಂದನ್ನು ತೆರೆಯಿತು. ಅದು ಅರ್ಧ ಆಸ್ಪತ್ರೆ, ಅರ್ಧ ಸೆರೆಮನೆ. ಅಲ್ಲಿ ಮದ್ದು ಬಿಡಿಸಿ, ಹೊಲದಲ್ಲಿ ದುಡಿಸಿ, ಮೈ ತುಂಬಿಸಿ ಮನೆಗೆ ಕಳುಹಿಸುತ್ತಿದ್ದರು. ಆದರೆ ಊರಿಗೆ ಮರಳಿದವರಲ್ಲಿ ಬಹುಪಾಲು ಮಂದಿ ಮತ್ತೆ ಚಟಕ್ಕೆ ಬಿದ್ದರು. ಬಿಡಿಸುವುದೇ ಗುಣಪಡಿಸುವುದು ಎಂಬ ನಂಬಿಕೆ ಇಲ್ಲಿ ಸರಿಯಾಗಿಯೇ ಪರೀಕ್ಷೆಗೆ ಒಳಪಟ್ಟಿತು, ಸೋತಿತು. ಸೋತದ್ದು ರೋಗಿಯ ಮನೋಬಲ ಎಂದು ಎಲ್ಲರೂ ಭಾವಿಸಿದರು. ಚಿಕಿತ್ಸೆಯ ವಿಧಾನವೇ ಸೋತಿರಬಹುದೆಂದು ಯೋಚಿಸಿದವರು ವಿರಳ.

ಅರ್ಧಾಯುವಿನ ಲೆಕ್ಕ

ಆ ವಿರಳರಲ್ಲಿ ಒಬ್ಬರು ಡಾ. ಮೇರಿ ನಿಸ್ವಾಂಡರ್. ಈ ಮನೋವೈದ್ಯೆ ಲೆಕ್ಸಿಂಗ್ಟನ್ನಿನಲ್ಲಿ ಕೆಲಸ ಮಾಡಿ ಅಲ್ಲಿನ ಸೋಲನ್ನು ಕಣ್ಣಾರೆ ಕಂಡಿದ್ದರು. ಮತ್ತೊಬ್ಬರು ನ್ಯೂಯಾರ್ಕಿನ ರಾಕ್‌ಫೆಲ್ಲರ್ ಸಂಸ್ಥೆಯಲ್ಲಿ ಜೀವದ್ರವ್ಯ ಪರಿಣಾಮದ ರೋಗಗಳ ಬಗ್ಗೆ ಸಂಶೋಧನೆ ನಡೆಸುತ್ತಿದ್ದ ಡಾ. ವಿನ್ಸೆಂಟ್ ಡೋಲ್. ಚಟವನ್ನು ನೈತಿಕ ದೋಷವೆಂದಲ್ಲದೆ, ಸಕ್ಕರೆ ಕಾಯಿಲೆಯ ಹಾಗೆ ಶರೀರದ ಕಾಯಿಲೆಯೆಂದು ನೋಡಿದರೆ ಹೇಗೆ ಎಂದು ಯೋಚಿಸಿದವರು ಅವರು. ಯುವ ವೈದ್ಯೆ ಮೇರಿ ಜೀನ್ ಕ್ರೀಕ್ ಇವರೊಡನೆ ಸೇರಿದರು. 1964ರಲ್ಲಿ ಪ್ರಯೋಗ ಆರಂಭವಾಯಿತು.

ಮೊದಲು ಇಬ್ಬರು ರೋಗಿಗಳಿಗೆ ಮಾರ್ಫಿನ್ ಕೊಟ್ಟು ನೋಡಿದರು. ದಿನಕ್ಕೆ ಹಲವು ಬಾರಿ ಕೊಡಬೇಕಾಯಿತು, ಪ್ರಮಾಣ ಏರುತ್ತಲೇ ಹೋಯಿತು. ಮುಂದಿನ ಚುಚ್ಚುಮದ್ದು ಯಾವಾಗ ಎಂಬುದರ ಹೊರತು ರೋಗಿಗಳಿಗೆ ಬೇರೆ ಯಾವುದರಲ್ಲಿಯೂ ಆಸಕ್ತಿ ಇರಲಿಲ್ಲ. ಆಮೇಲೆ ಅವರನ್ನು ಮೆಥಡೋನ್ ಎಂಬ ಮದ್ದಿಗೆ ಬದಲಾಯಿಸಿದರು. ಇದು ಎರಡನೆಯ ಮಹಾಯುದ್ಧಕ್ಕೆ ತುಸು ಮೊದಲು ಜರ್ಮನಿಯಲ್ಲಿ ತಯಾರಾದ ಕೃತಕ ಓಪಿಯಾಯ್ಡ್. ಬಾಯಿಯ ಮೂಲಕ ಕುಡಿಯುವಂತಹುದು. ಕೆಲವೇ ವಾರಗಳಲ್ಲಿ ಅಚ್ಚರಿಯ ಬದಲಾವಣೆ ಕಂಡಿತು. ಒಬ್ಬ ಚಿತ್ರ ಬರೆಯತೊಡಗಿದ. ಇನ್ನೊಬ್ಬ ಅರ್ಧಕ್ಕೆ ಬಿಟ್ಟ ಶಾಲೆಯ ಓದನ್ನು ಮುಗಿಸಬೇಕೆಂದ.

ಎರಡೂ ಓಪಿಯಾಯ್ಡ್‌ಗಳೇ. ಹಾಗಿದ್ದರೆ ಈ ವ್ಯತ್ಯಾಸ ಎಲ್ಲಿಂದ ಬಂತು? ಇಲ್ಲಿ ನನ್ನ ವಿದ್ಯಾರ್ಥಿಯ ಮೊದಲ ಪ್ರಶ್ನೆಗೆ ಬರೋಣ. ರಕ್ತದಲ್ಲಿರುವ ಔಷಧದ ಪ್ರಮಾಣ ಅರ್ಧಕ್ಕೆ ಇಳಿಯಲು ಹಿಡಿಯುವ ಕಾಲವೇ ಅದರ ಅರ್ಧಾಯು. ಮಾರ್ಫಿನ್ನಿನ ಅರ್ಧಾಯುವನ್ನು 3 ಗಂಟೆ ಎಂದಿಟ್ಟುಕೊಳ್ಳಿ. ಒಂದು ದಿನದಲ್ಲಿ ಅಂತಹ 8 ಅವಧಿಗಳಿವೆ. ಇಂದು ಬೆಳಿಗ್ಗೆ ತೆಗೆದುಕೊಂಡ ಮದ್ದಿನಲ್ಲಿ ನಾಳೆ ಬೆಳಿಗ್ಗೆ ಉಳಿಯುವುದು 256ರಲ್ಲಿ 1 ಭಾಗ ಮಾತ್ರ. ಅಂದರೆ ದಿನವಿಡೀ ಏರಿಳಿತ. ಏರಿದಾಗ ಅಮಲು, ಇಳಿದಾಗ ಯಾತನೆ. ಹೆರಾಯಿನ್ ಸೇವಿಸುವವನ ದಿನವೂ ಹೀಗೆಯೇ ಮೂರು ನಾಲ್ಕು ಬಾರಿ ಏರಿ ಇಳಿಯುತ್ತದೆ.

ಮೆಥಡೋನಿನ ಅರ್ಧಾಯು ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ವ್ಯತ್ಯಾಸವಾಗುತ್ತದೆ. ಸರಾಸರಿ ಒಂದು ದಿನದ ಆಸುಪಾಸು. ಲೆಕ್ಕಕ್ಕೆ 24 ಗಂಟೆ ಎನ್ನೋಣ. ಮೊದಲ ದಿನ 1 ಅಳತೆ ಕೊಟ್ಟರೆ ಮರುದಿನ ಅರ್ಧ ಉಳಿದಿರುತ್ತದೆ. ಅದರ ಮೇಲೆ ಇನ್ನೊಂದು ಅಳತೆ ಬಿದ್ದರೆ ಒಂದೂವರೆ. ಮೂರನೆಯ ದಿನ 1.75, ನಾಲ್ಕನೆಯ ದಿನ 1.875. ಗಣಿತ ಬಲ್ಲ ನೀವು ಈ ಶ್ರೇಣಿಯನ್ನು ಗುರುತಿಸಿರುತ್ತೀರಿ. ಅದರ ಮೊತ್ತ 2ರ ಹತ್ತಿರ ಬಂದು ನಿಲ್ಲುತ್ತದೆ. ಆಮೇಲೆ ಮದ್ದು ಕುಡಿದಾಗ 2, ಮರುದಿನ ಕುಡಿಯುವ ಮುನ್ನ 1. ದಿನಕ್ಕೊಮ್ಮೆ ಕೊಟ್ಟರೂ ಮಟ್ಟ ಈ ಎರಡರ ನಡುವೆಯೇ ಇರುತ್ತದೆ. 256 ಪಟ್ಟಿನ ಕುಸಿತವೆಲ್ಲಿ, ಎರಡು ಪಟ್ಟಿನ ಏರಿಳಿತವೆಲ್ಲಿ! ಒಗ್ಗಿದ ದೇಹಕ್ಕೆ ಇದು ಅಮಲೂ ಅಲ್ಲ, ಯಾತನೆಯೂ ಅಲ್ಲ. ಸಾಮಾನ್ಯ ಸ್ಥಿತಿ. ಜೊತೆಗೆ, ಈ ಮಟ್ಟದಲ್ಲಿರುವವನು ಆಸೆಗೆ ಬಿದ್ದು ಹೆರಾಯಿನ್ ಚುಚ್ಚಿಕೊಂಡರೂ ಅದರ ಅಮಲು ಹೆಚ್ಚಾಗಿ ತಾಗುವುದಿಲ್ಲ ಎಂಬುದನ್ನು ಡೋಲ್ ಮತ್ತು ನಿಸ್ವಾಂಡರ್ ಕಂಡುಕೊಂಡರು.

ಇದೇ ಲೆಕ್ಕ ಒಂದು ಎಚ್ಚರಿಕೆಯನ್ನೂ ಕೊಡುತ್ತದೆ. ಮೊದಲ ದಿನ ಸರಿಯೆನಿಸಿದ ಅಳತೆ ನಾಲ್ಕನೆಯ ದಿನಕ್ಕೆ ಸುಮಾರು ಎರಡು ಪಟ್ಟು ಆಗಿರುತ್ತದೆ. ಆದ್ದರಿಂದ ಮೆಥಡೋನನ್ನು ಕಡಿಮೆ ಪ್ರಮಾಣದಲ್ಲಿ ಆರಂಭಿಸಿ ನಿಧಾನವಾಗಿ ಏರಿಸಬೇಕು. ಅನುಭವಿ ವೈದ್ಯರ ಕಣ್ಗಾವಲು ಬೇಕು ಎನ್ನುವುದು ಇದಕ್ಕೇ.

1965ರ ಆಗಸ್ಟಿನಲ್ಲಿ ಅಮೆರಿಕದ ವೈದ್ಯಸಂಘದ ಪತ್ರಿಕೆಯಲ್ಲಿ 22 ರೋಗಿಗಳ ವರದಿ ಪ್ರಕಟವಾಯಿತು. ಪ್ರಯೋಗದ ನಡುವೆ ಕೇಂದ್ರದ ಮಾದಕವಸ್ತು ಇಲಾಖೆಯವರು ಬಂದು ಡೋಲ್ ಅವರಿಗೆ ಎಚ್ಚರಿಕೆ ನೀಡಿದ್ದುಂಟು. ಬೇಕಾದರೆ ನನ್ನ ಮೇಲೆ ಮೊಕದ್ದಮೆ ಹೂಡಿ, ನ್ಯಾಯಾಲಯದಲ್ಲಿ ತೀರ್ಮಾನವಾಗಲಿ ಎಂದರು ಡೋಲ್. ಮೊಕದ್ದಮೆ ಬರಲಿಲ್ಲ.

ಟ್ರಿಟಿಯಮ್ ತೋರಿದ ಜಾಗ

ಮದ್ದು ಕೆಲಸ ಮಾಡುವುದು ಕಂಡಿತು. ಎಲ್ಲಿ, ಹೇಗೆ ಎಂಬುದು ತಿಳಿಯಲು ಭೌತವಿಜ್ಞಾನದ ನೆರವು ಬೇಕಾಯಿತು. ನಲೋಕ್ಸೋನ್ ಎಂಬ ಅಣು ಓಪಿಯಾಯ್ಡ್‌ಗಳ ಪರಿಣಾಮವನ್ನು ಅಳಿಸಿಹಾಕುತ್ತದೆ. ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯದ ಕ್ಯಾಂಡೇಸ್ ಪರ್ಟ್ ಮತ್ತು ಸಾಲೊಮನ್ ಸ್ನೈಡರ್ ಈ ಅಣುವಿನ ಕೆಲವು ಹೈಡ್ರೊಜನ್ ಪರಮಾಣುಗಳ ಜಾಗದಲ್ಲಿ ಟ್ರಿಟಿಯಮ್ ಇರುವಂತೆ ಮಾಡಿದರು. ಟ್ರಿಟಿಯಮ್ ಹೈಡ್ರೊಜನ್ನಿನ ವಿಕಿರಣಶೀಲ ಸಮಸ್ಥಾನಿ; ಅರ್ಧಾಯು 12.3 ವರ್ಷ. ಅದು ಹೊಮ್ಮಿಸುವ ದುರ್ಬಲ ಬೀಟಾ ಕಣಗಳನ್ನು ಎಣಿಸಿದರೆ ಅಣು ಎಲ್ಲಿ ಅಂಟಿಕೊಂಡಿದೆ ಎಂದು ತಿಳಿಯುತ್ತದೆ. ಮಿದುಳಿನ ಅಂಗಾಂಶವನ್ನು ಅರೆದು, ಇದರೊಡನೆ ಬೆರೆಸಿ, ಸೋಸಿ, ತೊಳೆದು ಎಣಿಸಿದಾಗ 1973ರಲ್ಲಿ ಉತ್ತರ ಸಿಕ್ಕಿತು. ಮಿದುಳಿನ ಕೋಶಗಳಲ್ಲಿ ಈ ಅಣುಗಳಿಗೆಂದೇ ಗ್ರಾಹಕಗಳಿವೆ. ಓಪಿಯಾಯ್ಡ್ ಅಣುವಿಗೆ ಅಲ್ಲಿ ಜಾಗವಿದೆ. ಅದರ ಕನ್ನಡಿ ಬಿಂಬದಂತಿರುವ ಅಣು ಕೂರುವುದು ಅತಿ ಕಷ್ಟ. ಎಡಗೈಯ ಗವಸು ಬಲಗೈಗೆ ಹಿಡಿಯದ ಹಾಗೆ. ಅದೇ ವರ್ಷ ನ್ಯೂಯಾರ್ಕಿನ ಎರಿಕ್ ಸೈಮನ್ ಮತ್ತು ಸ್ವೀಡನ್ನಿನ ಲಾರ್ಸ್ ಟೆರೆನಿಯಸ್ ಕೂಡ ಸ್ವತಂತ್ರವಾಗಿ ಇದನ್ನೇ ಕಂಡರು.

ಗಸಗಸೆ ಗಿಡದ ಸೊನೆಗಾಗಿ ಮಿದುಳಿನಲ್ಲಿ ಜಾಗವೇಕಿದೆ? 1975ರಲ್ಲಿ ಸ್ಕಾಟ್ಲೆಂಡಿನ ಜಾನ್ ಹ್ಯೂಸ್ ಮತ್ತು ಹಾನ್ಸ್ ಕೊಸ್ಟರ್ಲಿಟ್ಸ್ ಇದಕ್ಕೂ ಉತ್ತರ ಕೊಟ್ಟರು. ನಮ್ಮ ದೇಹವೇ ಎನ್‌ಕೆಫಲಿನ್ ಎಂಬ ನೋವುಶಾಮಕ ಅಣುಗಳನ್ನು ತಯಾರಿಸುತ್ತದೆ. ಗ್ರಾಹಕಗಳಿರುವುದು ಅವಕ್ಕಾಗಿ. ಅಫೀಮು ಆ ಜಾಗಕ್ಕೆ ನುಗ್ಗಿದ ಅತಿಥಿ. ವರ್ಷಗಟ್ಟಲೆ ನುಗ್ಗುತ್ತಿದ್ದರೆ ಆ ವ್ಯವಸ್ಥೆಯೇ ಬದಲಾಗುತ್ತದೆ. ಬದಲಾದ ವ್ಯವಸ್ಥೆ ಹತ್ತು ದಿನದ ಉಪವಾಸದಿಂದ ಸರಿಹೋಗುವುದಿಲ್ಲ. ಲೆಕ್ಸಿಂಗ್ಟನ್ನಿನ ಸೋಲಿನ ಕಾರಣ ಮನೋಬಲದ ಕೊರತೆಯಷ್ಟೇ ಆಗಿರಲಿಲ್ಲ ಎಂಬುದು ಹೀಗೆ ಸ್ಪಷ್ಟವಾಯಿತು.

ಎರಡನೆಯ ಬೀಗ

ಇಷ್ಟಾದ ಮೇಲೆ ಮೆಥಡೋನ್ ಊರೂರಿನ ವೈದ್ಯರ ಕೈಗೆ ಬರಬೇಕಿತ್ತಲ್ಲವೇ? ಆದದ್ದು ಬೇರೆ. ಅದು ಕಳ್ಳಮಾರುಕಟ್ಟೆಗೆ ಸೋರಬಹುದೆಂಬ ಭಯ ಇತ್ತು; ಅದು ಪೂರ್ತಿ ಆಧಾರವಿಲ್ಲದ ಭಯವೂ ಅಲ್ಲ. 1972ರ ನಿಯಮಗಳು ಮತ್ತು 1974ರ ಕಾಯಿದೆಯ ಪ್ರಕಾರ ಚಟದ ಚಿಕಿತ್ಸೆಗೆ ಮೆಥಡೋನನ್ನು ವಿಶೇಷ ಪರವಾನಗಿಯ ಚಿಕಿತ್ಸಾಲಯಗಳು ಮಾತ್ರ ಕೊಡಬೇಕು. ರೋಗಿ ಬಹುತೇಕ ಪ್ರತಿದಿನ ಅಲ್ಲಿಗೇ ಬಂದು ದಾದಿಯ ಎದುರಿನಲ್ಲಿ ಕುಡಿಯಬೇಕು. ಸ್ಥಿರವಾಗಿ ನಡೆದುಕೊಂಡವರಿಗೆ ಮಾತ್ರ ಕ್ರಮೇಣ ಮನೆಗೆ ಒಯ್ಯುವ ಅವಕಾಶ.

ಮೆಥಡೋನಿನ ದೀರ್ಘ ಅರ್ಧಾಯು ರೋಗಿಯನ್ನು ದಿನಕ್ಕೆ ನಾಲ್ಕು ಬಾರಿಯ ಓಟದಿಂದ ಬಿಡಿಸಿತ್ತು. ನಿಯಮವು ಅವನನ್ನು ದಿನಕ್ಕೊಂದು ಸರತಿ ಸಾಲಿಗೆ ಕಟ್ಟಿಹಾಕಿತು. ಚಿಕಿತ್ಸಾಲಯ ಐವತ್ತು ಮೈಲಿ ದೂರದಲ್ಲಿದ್ದರೆ? ಬೆಳಿಗ್ಗೆ ಆರಕ್ಕೆ ಕೆಲಸಕ್ಕೆ ಹೋಗಬೇಕಾದವನಾದರೆ? ಮಗುವನ್ನು ನೋಡಿಕೊಳ್ಳಲು ಯಾರೂ ಇಲ್ಲದ ತಾಯಿಯಾದರೆ? ಬೀಗ ಮದ್ದಿನ ಪೆಟ್ಟಿಗೆಗೆ ಎಂದು ಹಾಕಿದ್ದು. ಅದು ರೋಗಿಯ ಬಾಗಿಲಿಗೂ ಬಿದ್ದಿತು.

ಐದು ವಾಕ್ಯಗಳ ಒಂದು ಪತ್ರ

ಇತ್ತ ಚಿಕಿತ್ಸೆಯ ಬಾಗಿಲು ಹೀಗೆ ಕಿರಿದಾಗಿರುವಾಗ ಅತ್ತ ಚಟದ ಬಾಗಿಲು ಅಗಲವಾಗಿ ತೆರೆಯಿತು. 1980ರಲ್ಲಿ ನ್ಯೂ ಇಂಗ್ಲೆಂಡ್ ವೈದ್ಯಪತ್ರಿಕೆಯಲ್ಲಿ ಐದೇ ವಾಕ್ಯಗಳ ಪತ್ರವೊಂದು ಪ್ರಕಟವಾಗಿತ್ತು. ಆಸ್ಪತ್ರೆಯಲ್ಲಿ ಓಪಿಯಾಯ್ಡ್ ಪಡೆದ 11,882 ರೋಗಿಗಳ ದಾಖಲೆಗಳಲ್ಲಿ, ಮೊದಲು ಚಟವಿಲ್ಲದಿದ್ದು ಆಮೇಲೆ ಚಟ ಹತ್ತಿದವರು ನಾಲ್ವರು ಮಾತ್ರ ಕಂಡರು ಎಂದಿತ್ತು ಆ ಪತ್ರ. ಗಮನಿಸಿ, ಅವರು ಆಸ್ಪತ್ರೆಯ ಹಾಸಿಗೆಯಲ್ಲಿದ್ದ ರೋಗಿಗಳು. ಮನೆಯಲ್ಲಿ ತಿಂಗಳುಗಟ್ಟಲೆ ಮಾತ್ರೆ ನುಂಗಿದವರಲ್ಲ. ಆದರೂ ಈ ಪತ್ರ 2017ರ ವೇಳೆಗೆ 608 ಬಾರಿ ಉಲ್ಲೇಖಗೊಂಡಿತ್ತು. ಉಲ್ಲೇಖಿಸಿದವರಲ್ಲಿ ಹೆಚ್ಚಿನವರು ಇದನ್ನು ಓಪಿಯಾಯ್ಡ್‌ಗಳಿಂದ ಚಟ ಹತ್ತುವುದು ಅಪರೂಪ ಎನ್ನುವುದಕ್ಕೆ ಪುರಾವೆಯಾಗಿ ಬಳಸಿದ್ದರು. ಒಂದು ಸಂದರ್ಭದ ಅಳತೆಯನ್ನು ಇನ್ನೊಂದು ಸಂದರ್ಭಕ್ಕೆ ಅನ್ವಯಿಸಬಾರದೆಂದು ನಾವು ಪ್ರಯೋಗಾಲಯದಲ್ಲಿ ಮೊದಲ ವರ್ಷವೇ ಹೇಳಿಕೊಡುತ್ತೇವೆ!

1996ರಲ್ಲಿ ಪರ್ಡ್ಯೂ ಫಾರ್ಮಾ ಕಂಪನಿ ಆಕ್ಸಿಕಾಂಟಿನ್ ಎಂಬ ಮಾತ್ರೆಯನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿದ್ದ ಆಕ್ಸಿಕೋಡೋನ್ 12 ಗಂಟೆಗಳ ಕಾಲ ನಿಧಾನವಾಗಿ ಬಿಡುಗಡೆಯಾಗುವಂತೆ ಮಾತ್ರೆಯ ರಚನೆ ಇತ್ತು. ನಿಧಾನವಾಗಿ ಬಿಡುಗಡೆಯಾಗುವುದರಿಂದ ಚಟದ ಅಪಾಯ ಕಡಿಮೆ ಎಂದು ಪ್ರಚಾರವಾಯಿತು. ಆದರೆ ಮಾತ್ರೆಯನ್ನು ಪುಡಿ ಮಾಡಿದರೆ ಏನಾಗುತ್ತದೆ? ಮೇಲ್ಮೈ ವಿಸ್ತೀರ್ಣ ಹೆಚ್ಚುತ್ತದೆ, ಒಳಗಿನ ತಡೆ ಮುರಿಯುತ್ತದೆ, 12 ಗಂಟೆಯ ಮದ್ದು ಒಮ್ಮೆಲೇ ಹೊರಬರುತ್ತದೆ. ಜನ ಅದನ್ನು ಬೇಗನೆ ಕಲಿತರು. ಸುಳ್ಳು ಪ್ರಚಾರದ ಸಂಬಂಧದ ಮೊಕದ್ದಮೆಯಲ್ಲಿ ಕಂಪನಿಯ ಅಂಗಸಂಸ್ಥೆ 2007ರಲ್ಲಿ ತಪ್ಪೊಪ್ಪಿಕೊಂಡಿತು. 2020ರಲ್ಲಿ ಬೇರೆ ಆರೋಪಗಳ ಮೇಲೆ ಕಂಪನಿ ಮತ್ತೆ ತಪ್ಪೊಪ್ಪಿಕೊಂಡಿತು.

2010ರಲ್ಲಿ ಸುಲಭವಾಗಿ ಪುಡಿಯಾಗದ ಮಾತ್ರೆ ಬಂದಿತು. ಆದರೆ ಅಷ್ಟರಲ್ಲಿ ಚಟ ಹತ್ತಿದ್ದವರಿಗೆ ಚಿಕಿತ್ಸೆಯ ದಾರಿ ತೆರೆದಿರಲಿಲ್ಲ. ಹಲವರು ಅಗ್ಗದ ಹೆರಾಯಿನ್ ಕಡೆಗೆ ತಿರುಗಿದರು. 2013ರಿಂದೀಚೆಗೆ ಹೆರಾಯಿನ್ನಿಗೆ ಕಳ್ಳತನದಿಂದ ತಯಾರಿಸಿದ ಫೆಂಟನಿಲ್ ಬೆರೆಯತೊಡಗಿತು. ಇದು ಮಾರ್ಫಿನ್ನಿನ ಸುಮಾರು ನೂರು ಪಟ್ಟು ಪ್ರಬಲ. ಕಣ್ಣಳತೆಯಲ್ಲಿ ಬೆರೆಸಿದಾಗ ಆಗುವ ಒಂದಿಷ್ಟು ಹೆಚ್ಚುಕಡಿಮೆಯೇ ಸಾವಿಗೆ ಸಾಕು. ಓಪಿಯಾಯ್ಡ್‌ಗಳಿಂದ 2017ರಲ್ಲಿ 47,600 ಮಂದಿ, 2022ರಲ್ಲಿ ಸುಮಾರು 82,000 ಮಂದಿ ಅಮೆರಿಕದಲ್ಲಿ ಸತ್ತರು.

ಮೂರನೆಯ ಬೀಗ

ಈ ನಡುವೆ ಮೆಥಡೋನಿಗಿಂತ ಸುರಕ್ಷಿತವಾದ ಇನ್ನೊಂದು ಮದ್ದು ಸಿದ್ಧವಿತ್ತು. ಅದರ ಹೆಸರು ಬ್ಯುಪ್ರಿನಾರ್ಫಿನ್. 1966ರಲ್ಲಿ ಇಂಗ್ಲೆಂಡಿನ ಹಲ್ ನಗರದಲ್ಲಿ ತಯಾರಾದದ್ದು. ನನ್ನ ವಿದ್ಯಾರ್ಥಿಯ ಅಣ್ಣ ನಾಲಗೆಯಡಿ ಇಟ್ಟುಕೊಳ್ಳುತ್ತಿದ್ದ ಮಾತ್ರೆ ಇದೇ. ಇದು ಗ್ರಾಹಕವನ್ನು ಬಹಳ ಬಿಗಿಯಾಗಿ ಹಿಡಿಯುತ್ತದೆ, ಆದರೆ ಅದನ್ನು ಅರೆಬರೆ ಮಾತ್ರ ಪ್ರಚೋದಿಸುತ್ತದೆ. ಪ್ರಮಾಣ ಏರಿಸುತ್ತ ಹೋದರೂ ಉಸಿರಾಟದ ಮೇಲಿನ ಪರಿಣಾಮ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಹಾಗಾಗಿ, ಮದ್ಯ ಅಥವಾ ನಿದ್ದೆಮಾತ್ರೆಗಳ ಜೊತೆ ಬೆರೆಸದಿದ್ದರೆ, ಪ್ರಾಣಾಪಾಯ ಬಹಳ ಕಡಿಮೆ. ಅರ್ಧಾಯು ಒಂದು ದಿನಕ್ಕಿಂತಲೂ ಹೆಚ್ಚು.

ಇಲ್ಲಿ ಎರಡು ದೇಶಗಳು ಎರಡು ದಾರಿ ಹಿಡಿದವು. ಫ್ರಾನ್ಸ್ 1995ರಲ್ಲಿ ಸಾಮಾನ್ಯ ವೈದ್ಯರೆಲ್ಲರಿಗೂ ಇದನ್ನು ಬರೆದುಕೊಡುವ ಅವಕಾಶ ಕೊಟ್ಟಿತು. ನಾಲ್ಕು ವರ್ಷಗಳಲ್ಲಿ ಅಲ್ಲಿ ಮಿತಿಮೀರಿದ ಸೇವನೆಯ ಸಾವುಗಳು ಶೇಕಡ 79ರಷ್ಟು ಇಳಿದವು. ಇದಕ್ಕೆ ಇತರ ಕ್ರಮಗಳೂ ನೆರವಾದವು ಎಂಬುದು ನಿಜ, ಆದರೆ ಈ ಮದ್ದಿನ ಪಾಲು ದೊಡ್ಡದು. ಅಮೆರಿಕ 2000ದಲ್ಲಿ ಕಾಯಿದೆ ಮಾಡಿ 2002ರಲ್ಲಿ ಅನುಮತಿ ಕೊಟ್ಟಿತು. ಆದರೆ ಇದನ್ನು ಬರೆಯುವ ವೈದ್ಯ 8 ಗಂಟೆಗಳ ವಿಶೇಷ ತರಬೇತಿ ಪಡೆದು ಪ್ರತ್ಯೇಕ ಅನುಮತಿ ಸಂಖ್ಯೆ ಹೊಂದಿರಬೇಕು. ಆರಂಭದಲ್ಲಿ 30ಕ್ಕಿಂತ ಹೆಚ್ಚು ರೋಗಿಗಳನ್ನು ನೋಡುವಂತಿಲ್ಲ. ವಿಪರ್ಯಾಸ ನೋಡಿ: ಚಟ ಹತ್ತಿಸುವ ಆಕ್ಸಿಕೋಡೋನ್ ಬರೆಯಲು ಅದೇ ವೈದ್ಯನಿಗೆ ಇಂತಹ ಯಾವ ವಿಶೇಷ ಅನುಮತಿಯೂ ಬೇಕಿರಲಿಲ್ಲ.

ಬೀಗ ತೆಗೆದ ಮೇಲೆ

2020ರಲ್ಲಿ ಕೋವಿಡ್ ಬಂದಾಗ ಸರತಿ ಸಾಲುಗಳೇ ಅಪಾಯವಾದವು. ಸ್ಥಿರವಾಗಿರುವ ರೋಗಿಗಳಿಗೆ 28 ದಿನಗಳವರೆಗಿನ ಮೆಥಡೋನನ್ನು ಮನೆಗೆ ಕೊಡಲು ಒಪ್ಪಿಗೆ ಸಿಕ್ಕಿತು. ಐವತ್ತು ವರ್ಷಗಳ ಭಯ ನಿಜವಾಗಲಿಲ್ಲ. 2024ರಲ್ಲಿ ಆ ಸಡಿಲಿಕೆಯನ್ನು ಶಾಶ್ವತಗೊಳಿಸಲಾಯಿತು. ಬ್ಯುಪ್ರಿನಾರ್ಫಿನ್ನಿನ ವಿಶೇಷ ಅನುಮತಿ 2022ರ ಡಿಸೆಂಬರಿನ ಶಾಸನದಿಂದ ರದ್ದಾಯಿತು. ಉಸಿರು ನಿಲ್ಲುತ್ತಿರುವವನನ್ನು ಬದುಕಿಸುವ ನಲೋಕ್ಸೋನ್ 2023ರಲ್ಲಿ ಮೂಗಿಗೆ ಸಿಂಪಡಿಸುವ ರೂಪದಲ್ಲಿ ವೈದ್ಯರ ಚೀಟಿಯಿಲ್ಲದೆ ಸಿಗುವಂತಾಯಿತು. ಅದರ ಅರ್ಧಾಯು ಚಿಕ್ಕದು. ಪರಿಣಾಮ ಇಳಿದಾಗ ಅಪಾಯ ಮರಳಬಹುದಾದ್ದರಿಂದ ರೋಗಿಯನ್ನು ಆಸ್ಪತ್ರೆಗೆ ಸೇರಿಸಲೇಬೇಕು. 2024ರಲ್ಲಿ ಅಮೆರಿಕದ ಓಪಿಯಾಯ್ಡ್ ಸಾವುಗಳು ಸುಮಾರು 55,000ಕ್ಕೆ ಇಳಿದವು. ಇದಕ್ಕೆ ಕಾರಣಗಳು ಹಲವು.

ಆದರೂ 2022ರ ಸಮೀಕ್ಷೆಯಂತೆ ಚಿಕಿತ್ಸೆ ಬೇಕಿದ್ದ ವಯಸ್ಕರಲ್ಲಿ ಈ ಮದ್ದುಗಳನ್ನು ಪಡೆದವರು ಶೇಕಡ 25 ಮಾತ್ರ. ಕಾಯಿದೆಯ ಬೀಗ ತೆಗೆಯುವುದು ಒಂದು ದಿನದ ಕೆಲಸ. "ಇದೂ ಚಟವೇ ಅಲ್ಲವೇ" ಎಂಬ ಮನಸ್ಸಿನ ಬೀಗ ಸುಲಭದ್ದಲ್ಲ.

ನಮ್ಮ ಮನೆಗಳಲ್ಲಿ

ನಮ್ಮ ದೇಶದ ಸ್ಥಿತಿ ಏನು? ಮಧ್ಯಪ್ರದೇಶ, ರಾಜಸ್ಥಾನ, ಉತ್ತರಪ್ರದೇಶಗಳಲ್ಲಿ ಪರವಾನಗಿಯೊಂದಿಗೆ ಅಫೀಮು ಬೆಳೆಯುವ ನಾಡು ನಮ್ಮದು. ಆದರೆ 1985ರ ಮಾದಕವಸ್ತು ಕಾಯಿದೆಯ ಬಿಗಿಯಿಂದ ಕ್ಯಾನ್ಸರ್ ರೋಗಿಗಳಿಗೂ ಮಾರ್ಫಿನ್ ಸಿಗದಂತಾಯಿತು. 2014ರ ತಿದ್ದುಪಡಿ ಅದನ್ನು ಸಡಿಲಿಸಿತು. ಒಂದೇ ಗಿಡದ ಮದ್ದು ಬೇಕಾದವರಿಗೆ ಸಿಗದಿರುವುದು, ಬೇಡವಾದವರಿಗೆ ಸಿಗುವುದು, ಎರಡೂ ತಪ್ಪುಗಳೇ. 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯಂತೆ ಓಪಿಯಾಯ್ಡ್‌ಗಳ ತೊಂದರೆಗೆ ನೆರವು ಬೇಕಾದವರು ಸುಮಾರು 77 ಲಕ್ಷ. ಬ್ಯುಪ್ರಿನಾರ್ಫಿನ್ ನಮ್ಮಲ್ಲಿಯೂ ಬಳಕೆಯಲ್ಲಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ವಿಭಾಗವಿದೆ. ಆದರೆ ಬೀದರಿನಿಂದಲೋ ಚಾಮರಾಜನಗರದ ಹಳ್ಳಿಯಿಂದಲೋ ಅಲ್ಲಿಗೆ ಎಷ್ಟು ದೂರ ಎಂಬುದನ್ನು ನೀವೇ ಲೆಕ್ಕ ಹಾಕಿ.

ಈಗ ಹಿರಿಯರ ಪ್ರಶ್ನೆಗೆ ಬರೋಣ. ಇದು ಚಟದ ಬದಲು ಚಟವೇ? ದೇಹ ಒಂದು ಮದ್ದನ್ನು ಅವಲಂಬಿಸಿರುವುದು ಬೇರೆ, ಚಟ ಬೇರೆ. ಸಕ್ಕರೆ ಕಾಯಿಲೆಯವರು ಇನ್ಸುಲಿನ್ ಅವಲಂಬಿಸುತ್ತಾರೆ. ಅದನ್ನು ಚಟ ಎನ್ನುವುದಿಲ್ಲ. ಹಾನಿಯಾಗುತ್ತಿದೆ ಎಂದು ತಿಳಿದೂ ನಿಲ್ಲಿಸಲಾಗದೆ, ಸಂಬಳ, ಸಂಸಾರ ಎಲ್ಲವನ್ನೂ ಅದಕ್ಕೆ ಸುರಿಯುವುದು ಚಟ. ಅಣ್ಣ ಬೆಳಿಗ್ಗೆ ಒಂದು ಮಾತ್ರೆ ಇಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಕೆಲಸಕ್ಕೆ ಹೋಗುತ್ತಿದ್ದರೆ ಅದು ಚಿಕಿತ್ಸೆ. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ ಮೆಥಡೋನ್ ಚಿಕಿತ್ಸೆಯಲ್ಲಿದ್ದ ಸಾವಿರ ಮಂದಿಯಲ್ಲಿ ವರ್ಷಕ್ಕೆ ಸುಮಾರು 11 ಸಾವುಗಳಾದರೆ, ಚಿಕಿತ್ಸೆಯಿಂದ ಹೊರಗಿದ್ದಾಗ 36. ನಿಲ್ಲಿಸಿದ ಮೊದಲ ವಾರಗಳಲ್ಲಿಯೇ ಅಪಾಯ ಹೆಚ್ಚು. ಕಾರಣ ನಿಮಗೆ ಈಗ ಗೊತ್ತು: ಒಗ್ಗಿಕೆ ಕಳೆದಿರುತ್ತದೆ, ಆಸೆ ಕಳೆದಿರುವುದಿಲ್ಲ. ಎಷ್ಟು ಕಾಲ ಮದ್ದು ಬೇಕು, ಯಾವಾಗ ಇಳಿಸಬೇಕು ಎಂಬುದನ್ನು ರೋಗಿಯೂ ವೈದ್ಯರೂ ಸೇರಿ ನಿರ್ಧರಿಸಬೇಕು. ಮನೆಯ ಹಿರಿಯರ ನಾಚಿಕೆಯಲ್ಲ.

ಆ ವಿದ್ಯಾರ್ಥಿ ಪದವಿ ಮುಗಿಸಿ ಹೋದ. ಅವನ ಅಣ್ಣ ಏನಾದನೆಂದು ಕೇಳುವ ಅವಕಾಶ ನನಗೆ ಸಿಗಲಿಲ್ಲ. ಅಂದು ಕಾರಿಡಾರಿನಲ್ಲಿ ನಿಂತು ಕಪ್ಪುಹಲಗೆಯ ಆ ಶ್ರೇಣಿಯನ್ನೇ ಅವನಿಗೆ ವಿವರಿಸಿದ್ದರೆ ಮನೆಗೆ ಹೋಗಿ ಹಿರಿಯರಿಗೆ ಹೇಳುತ್ತಿದ್ದನೇನೋ ಎಂದು ಈಗಲೂ ಅನಿಸುತ್ತದೆ. ನಿಮ್ಮ ಮನೆಯಲ್ಲಿ, ನೆರೆಯಲ್ಲಿ ಇಂತಹವರಿದ್ದರೆ ಅವರ ಮಾತ್ರೆಯನ್ನು ಕಿತ್ತುಕೊಳ್ಳಬೇಡಿ. ಚಿಕಿತ್ಸೆ ಎಲ್ಲಿ ಸಿಗುತ್ತದೆಂದು ತಿಳಿಯದಿದ್ದರೆ ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446ಕ್ಕೆ ಅಥವಾ ಮಾನಸಿಕ ಆರೋಗ್ಯದ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆ ಮಾಡಿ ಕೇಳಬಹುದು.